ಏಳನೆಯ ಹೆಜ್ಜೆಗೆ ಸಾಕ್ಷಿ ಯಾರು?

ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ' ಎನ್ನುತ್ತಾರೆ. ಅಲ್ಲಿಯತನಕ ಮೆಲ್ಲಗೆ ನುಡಿಯುತ್ತಿದ್ದ ಓಲಗ ಒಮ್ಮೆಗೇ ಭೋರ್ಗರೆಯುತ್ತದೆ. ಡೋಲಿನ ಸದ್ದಿನಲ್ಲಿ ಮಂತ್ರ ಮುಳುಗುತ್ತದೆ. ಹಿಂದಿನ ಸಾಲಿನಲ್ಲಿ ಹರಟೆಗೆ ಕುಳಿತವರೂ ಎದ್ದುನಿಂತು ಕೈಯಲ್ಲಿದ್ದ ಅಕ್ಷತೆಯನ್ನು ಮಂಟಪದ ಕಡೆಗೆ ಎಸೆಯುತ್ತಾರೆ. ಮಾಂಗಲ್ಯಧಾರಣೆ ಆಯಿತು. ಇನ್ನೈದು ನಿಮಿಷದಲ್ಲಿ ಛತ್ರದ ಜನವೆಲ್ಲ ಊಟದ ಮನೆಯ ಬಾಗಿಲಲ್ಲಿ. ಮೊದಲ ಪಂಕ್ತಿಗೆ ಉಪ್ಪು, ಉಪ್ಪಿನಕಾಯಿ ಬಡಿಸುತ್ತಿರುವ ಹೊತ್ತಿಗೆ ಮಂಟಪದಲ್ಲಿ ಹೊಗೆಯ ನಡುವೆ ಉಳಿದವರು ವಧೂವರರು, ಪುರೋಹಿತರು, ಅರಳು ಹಾಕಲು ನಿಂತ ಹೆಣ್ಣಿನ ತಮ್ಮ ಮತ್ತು ಹತ್ತಿರದ ನಾಲ್ಕು ಮಂದಿ. ವರನು ವಧುವಿನ ಕೈಹಿಡಿದು ಏಳು ಹೆಜ್ಜೆ ನಡೆಸುವುದು ಆಗ, ಖಾಲಿ ಕುರ್ಚಿಗಳ ಎದುರಿಗೆ.

ಕಾನೂನಿನ ಲೆಕ್ಕದಲ್ಲಿ ಇಂಥ ಮದುವೆ ಪೂರ್ತಿಯಾಗುವುದು ಮಾತ್ರ ಈ ಎರಡನೆಯ ಗಳಿಗೆಯಲ್ಲಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಚಿಕ್ಕದು. ವಧು, ವರ ಇಬ್ಬರಲ್ಲಿ ಯಾರ ಕಡೆಯ ಸಂಪ್ರದಾಯದಂತಾದರೂ ಮದುವೆ ನಡೆಯಬಹುದು ಎನ್ನುವುದು ಅದರ ಮೊದಲ ಭಾಗ. ಆ ಸಂಪ್ರದಾಯದಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗಿ ಇಬ್ಬರನ್ನೂ ಕಟ್ಟುತ್ತದೆ ಎನ್ನುವುದು ಎರಡನೆಯದು. ತಾಳಿಯ ಹೆಸರು ಅಲ್ಲಿಲ್ಲ, ಧಾರೆಯ ಹೆಸರೂ ಇಲ್ಲ. ಹೆಸರಿಸಿರುವ ಶಾಸ್ತ್ರ ಸಪ್ತಪದಿಯೊಂದೇ, ಅದೂ 'ಸೇರಿದ್ದರೆ' ಎಂಬ ಷರತ್ತಿನೊಡನೆ. ಆ ಷರತ್ತನ್ನು ಹೇಗೆ ಓದಬೇಕು ಎಂಬುದರ ಮೇಲೆ ಅನೇಕ ಹೆಂಗಸರ ಬದುಕು ನ್ಯಾಯಾಲಯಗಳಲ್ಲಿ ತೂಗಾಡಿದೆ.

ಏಳು ಹೆಜ್ಜೆ ಹಳೆಯದೇ. ಅನ್ನಕ್ಕೆ ಒಂದು, ಬಲಕ್ಕೆ ಒಂದು, ಆಮೇಲೆ ಸಂಪತ್ತು, ಸುಖ, ಸಂತಾನ, ಋತುಗಳು, ಏಳನೆಯದು ಸ್ನೇಹಕ್ಕೆ. ಗೃಹ್ಯಸೂತ್ರಗಳಲ್ಲಿ ಇದರ ಜೊತೆಗೆ ಪಾಣಿಗ್ರಹಣವಿದೆ, ಅಗ್ನಿಯ ಸುತ್ತು ಇದೆ, ಕಲ್ಲು ತುಳಿಸುವುದಿದೆ, ಅರಳಿನ ಹೋಮವಿದೆ, ಸಂಜೆ ನಕ್ಷತ್ರ ತೋರಿಸುವುದಿದೆ. (ಹಗಲು ಹನ್ನೆರಡರ ಬಿಸಿಲಿನಲ್ಲಿ ಛತ್ರದ ಹೊರಗೆ ನಿಂತು ಅರುಂಧತಿಯನ್ನು ಕಂಡೆವೆಂದು ತಲೆಯಾಡಿಸುವ ನವದಂಪತಿಗಳು ಆ ಸಂಜೆಯ ಶಾಸ್ತ್ರವನ್ನೇ ಅವಸರಕ್ಕೆ ಒಗ್ಗಿಸಿಕೊಂಡವರು.) ಆದರೆ ಸೂತ್ರಕಾರರು ತಮ್ಮ ಪಟ್ಟಿಯೇ ಕೊನೆ ಎಂದು ಹೇಳಿದವರಲ್ಲ. ಆಶ್ವಲಾಯನ ಗೃಹ್ಯಸೂತ್ರವು ಮದುವೆಯ ಪ್ರಕರಣಕ್ಕೆ ತೊಡಗುವಾಗಲೇ ನಾಡಿನ ಪದ್ಧತಿ, ಊರಿನ ಪದ್ಧತಿ ಬಗೆಬಗೆಯಾಗಿರುತ್ತವೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎನ್ನುತ್ತದೆ. ಆಪಸ್ತಂಬನಂತೂ ಆಚರಣೆಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕೆಂದು ಹೇಳಿಬಿಟ್ಟಿದ್ದಾನೆ. ಇಂದಿಗೂ ಮದುವೆಮನೆಯಲ್ಲಿ ಪುರೋಹಿತರು ಒಂದು ಗಳಿಗೆ ಸುಮ್ಮನಾಗಿ, 'ನಿಮ್ಮಲ್ಲಿ ಇದು ಹೇಗಮ್ಮಾ?' ಎಂದು ಅಜ್ಜಿಯ ಮುಖ ನೋಡುವುದುಂಟು. ಅದು ಅಜ್ಞಾನವಲ್ಲ, ಸೂತ್ರದ ಮಾತೇ.

ಏಳನೆಯ ಹೆಜ್ಜೆಯಲ್ಲಿ ಮದುವೆ ಮುಗಿಯುತ್ತದೆ ಎಂದು ಖಚಿತವಾಗಿ ಹೇಳಿದ್ದು ಮನುಸ್ಮೃತಿಯ ಎಂಟನೆಯ ಅಧ್ಯಾಯ. ಆ ಮಾತು ಬರುವ ಜಾಗ ಸ್ವಾರಸ್ಯವಾದದ್ದು. ವಿವಾಹದ ವಿಧಗಳನ್ನು ವಿವರಿಸುವ ಮೂರನೆಯ ಅಧ್ಯಾಯದಲ್ಲಿ ಅದಿಲ್ಲ. ವ್ಯಾಜ್ಯಗಳನ್ನು ಹೇಳುವ ಎಂಟನೆಯ ಅಧ್ಯಾಯದಲ್ಲಿ, ಕೊಂಡ ಅಥವಾ ಮಾರಿದ ವಸ್ತುವನ್ನು ಹತ್ತು ದಿನದೊಳಗೆ ಹಿಂದಿರುಗಿಸಬಹುದು ಎನ್ನುವ ನಿಯಮದ ಬೆನ್ನಿಗೇ ಅದು ಬರುತ್ತದೆ. ಹೆಣ್ಣಿನ ದೋಷ ಮುಚ್ಚಿಟ್ಟು ಕೊಟ್ಟವನಿಗೆ ದಂಡ, ಸುಳ್ಳು ದೋಷ ಹೊರಿಸಿದವನಿಗೂ ದಂಡ. ಅದಾದ ಮೇಲೆ ಈ ಏಳನೆಯ ಹೆಜ್ಜೆ. ಒಪ್ಪಂದದಿಂದ ಯಾವ ಹಂತದವರೆಗೆ ಹಿಂದೆ ಸರಿಯಬಹುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ ಹೊರತು, ನಾಡಿನ ಎಲ್ಲ ಮದುವೆಗಳಿಗೂ ಹಾಕಿದ ಅಳತೆಗೋಲಲ್ಲ ಎಂದು ಓದುವುದೇ ಹೆಚ್ಚು ಸರಿ.

ಜನರ ಕಣ್ಣಿಗೆ ಮದುವೆಯೆಂದರೆ ತಾಳಿ. ಆದರೆ ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಪಾಂಡುರಂಗ ವಾಮನ ಕಾಣೆಯವರು ಹಳೆಯ ಗೃಹ್ಯಸೂತ್ರಗಳಲ್ಲಿ ಮಂಗಳಸೂತ್ರದ ಉಲ್ಲೇಖವಿಲ್ಲ ಎಂದು ತೋರಿಸಿಕೊಟ್ಟರು. ತಮಿಳಿನ ಪ್ರಾಚೀನ ಅಗನಾನೂರಿನಲ್ಲಿ ಮರಳು ಹಾಸಿದ ಚಪ್ಪರದಡಿ, ಮಕ್ಕಳನ್ನು ಹೆತ್ತ ನಾಲ್ವರು ಮುತ್ತೈದೆಯರು ವಧುವಿನ ತಲೆಗೆ ಹೂವು, ಭತ್ತ ಬೆರೆಸಿದ ನೀರು ಎರೆಯುವ ಮದುವೆಯೊಂದರ ಚಿತ್ರವಿದೆ. ಅಲ್ಲಿ ಹೋಮವೂ ಇಲ್ಲ, ಪುರೋಹಿತರೂ ಇಲ್ಲ. ಅದೇ ಭಾಷೆಯ ಶಿಲಪ್ಪದಿಗಾರಂ ಹೊತ್ತಿಗೆ ಕಣ್ಣಗಿ–ಕೋವಲರು ಅಗ್ನಿಗೆ ಪ್ರದಕ್ಷಿಣೆ ಬರುತ್ತಾರೆ. ಒಂದು ಶಾಸ್ತ್ರ ಇನ್ನೊಂದರ ಮೇಲೆ ಬಂದು ಕೂರುತ್ತದೆ. ಹಳೆಯದು ಹೋಗುವುದಿಲ್ಲ, ಬದಿಗೆ ಸರಿಯುತ್ತದೆ ಅಷ್ಟೆ.

ನೀರೆರೆದ ಮದುವೆ

ಕನ್ನಡ ನಾಡಿನ ಮಟ್ಟಿಗೆ ಮದುವೆಯ ಜೀವಾಳ ಧಾರೆ. ಮಾತಿನಲ್ಲೇ ಅದು ಗೊತ್ತಾಗುತ್ತದೆ. ಧಾರೆ ಮುಹೂರ್ತ, ಧಾರೆ ಸೀರೆ, 'ಧಾರೆ ಎರೆದು ಕೊಟ್ಟ ಮಗಳು'. ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರೈಸಿದ ಮೈಸೂರು ಸಂಸ್ಥಾನದ ಜಾತಿ–ಬುಡಕಟ್ಟುಗಳ ಬೃಹತ್ ಗ್ರಂಥದಲ್ಲಿ ಒಂದರ ಹಿಂದೊಂದು ಸಮುದಾಯದ ಮದುವೆಯ ವಿವರಗಳಿವೆ. ಅವುಗಳಲ್ಲಿ ಹೆಚ್ಚಿನವರಿಗೆ ಮದುವೆಯನ್ನು ಗಟ್ಟಿಮಾಡುವ ಶಾಸ್ತ್ರ ಧಾರೆಯೇ: ಜೋಡಿಸಿದ ಕೈಗಳ ಮೇಲೆ ತಂದೆತಾಯಿ, ಬಂಧುಗಳು ನೀರನ್ನೋ ಹಾಲನ್ನೋ ಎರೆಯುವುದು.

ತುಳುನಾಡಿನ ಬಂಟರಲ್ಲೂ ಹಾಗೆ. ವಧೂವರರ ಬಲಗೈಗಳನ್ನು ಕೂಡಿಸಿ, ಹಿರಿಯರೆಲ್ಲ ಮುಟ್ಟಿದ ಧಾರೆಯ ಚೆಂಬಿನಿಂದ ನೀರೆರೆದರೆ ಮದುವೆಯಾಯಿತು. ಆದರೆ ಆ ಮದುವೆಯನ್ನು ಮದರಾಸು ಹೈಕೋರ್ಟ್ ಒಪ್ಪಿದ್ದು ತಡವಾಗಿ. ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ವಿಚ್ಛೇದನವೂ ಸುಲಭ. ಆದ್ದರಿಂದ ಪೀನಲ್ ಕೋಡಿನ ಅರ್ಥದಲ್ಲಿ ಇದು ಮದುವೆಯೇ ಅಲ್ಲ ಎಂದು 1880ರ ದಶಕದಲ್ಲಿ ಆ ನ್ಯಾಯಾಲಯ ತೀರ್ಮಾನಿಸಿತ್ತು. ಊರೇ ಉಂಡು ಹರಸಿದ ಮದುವೆ ನ್ಯಾಯಾಧೀಶರ ಪುಸ್ತಕದಲ್ಲಿ ಸಿಗಲಿಲ್ಲ.

ಕೊಡವರಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ದೀಪದ ಮುಂದೆ ಮುಕ್ಕಾಲಿಯಲ್ಲಿ ಕುಳಿತವರಿಗೆ ಹಿರಿಯರು ಒಬ್ಬೊಬ್ಬರಾಗಿ ಅಕ್ಕಿ ತಳಿದು, ಕಿಂಡಿಯಿಂದ ಹಾಲು ಕುಡಿಸಿ, ಹಣವಿಟ್ಟು ಹರಸುತ್ತಾರೆ. ಅದಾದ ಮೇಲೆ ಎರಡೂ ಮನೆಯ 'ಅರುವ'ರು ಎದುರೆದುರು ನಿಂತು ನಡೆಸುವ ಸವಾಲು–ಜವಾಬಿನಲ್ಲಿ ಅವಳಿಗೆ ಗಂಡನ ಮನೆಯಲ್ಲಿ ಏನೇನು ಹಕ್ಕು ಎಂಬುದನ್ನು ಸಾರಿ, ಗುರುತಿಗೆ ಸಣ್ಣ ಹರಳುಗಳನ್ನು ಕೊಡುತ್ತಾರೆ. ಹೆಣ್ಣಿನ ಹಕ್ಕನ್ನು ಮದುವೆಯ ದಿನವೇ ಎಲ್ಲರೆದುರು ಎಣಿಸಿ ಒಪ್ಪಿಸುವ ಇಂಥ ಕ್ರಮ ಬೇರೆಡೆ ಅಪರೂಪ. ಲಿಂಗಾಯತರ ಮದುವೆಯನ್ನು ಜಂಗಮರು ನಡೆಸುತ್ತಾರೆ. ಅಲ್ಲಿ ಕಳಶವೇ ಮುಖ್ಯ, ಅಗ್ನಿಯಲ್ಲ.

ಇವೆಲ್ಲಕ್ಕಿಂತ ಸರಳವಾದದ್ದು 'ಕೂಡಿಕೆ' ಅಥವಾ 'ಉಡಿಕಿ'. ಗಂಡ ಸತ್ತವಳೋ ಬಿಟ್ಟವಳೋ ಮತ್ತೆ ಮದುವೆಯಾಗುವಾಗ ಚಪ್ಪರವಿಲ್ಲ, ಧಾರೆಯಿಲ್ಲ. ಕತ್ತಲಾದ ಮೇಲೆ ಕುಲದ ನಾಲ್ಕು ಜನರ ಎದುರು ಹೊಸ ಗಂಡ ಕೊಟ್ಟ ಸೀರೆ ಉಟ್ಟರೆ ಆಯಿತು. ಕೆಲವು ಕಡೆ ಅಲ್ಲಿಗೆ ಮುತ್ತೈದೆಯರು ಹೋಗುವಂತಿರಲಿಲ್ಲ. ಮರ್ಯಾದೆಯಲ್ಲಿ ಒಂದು ಮೆಟ್ಟಿಲು ಕೆಳಗೆ ಇರಬಹುದು, ಆದರೆ ಮದುವೆಯೆಂಬುದರಲ್ಲಿ ಸಂಶಯವಿರಲಿಲ್ಲ; ಮಕ್ಕಳಿಗೆ ತಂದೆಯ ಹೆಸರು, ಕುಲದಲ್ಲಿ ಜಾಗ ಇತ್ತು. 1856ರಲ್ಲಿ ವಿಧವಾ ಪುನರ್ವಿವಾಹಕ್ಕೆಂದು ಸರಕಾರ ಕಾಯ್ದೆ ತಂದಾಗ ಈ ಸಮುದಾಯಗಳಿಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಪುರೋಹಿತರಿಲ್ಲದೆ

ಯಾವ ಶಾಸ್ತ್ರ ಬಿಟ್ಟರೆ ಮದುವೆ ಬೀಳುತ್ತದೆ ಎಂಬ ಪ್ರಶ್ನೆ ಕಾನೂನಿನ ಮುಂದೆ ದೊಡ್ಡದಾಗಿ ನಿಂತದ್ದು ಬಂಗಾಳದಲ್ಲಿ. ಬ್ರಾಹ್ಮಸಮಾಜದವರು ಹೋಮ, ವಿಗ್ರಹ ಬಿಟ್ಟು ಮದುವೆ ಮಾಡಲಾರಂಭಿಸಿದಾಗ, ಇಂಥ ಮದುವೆ ಸಿಂಧುವಲ್ಲ ಎಂದು ಸರಕಾರದ ಕಾನೂನು ಸಲಹೆಗಾರರೇ ಅಭಿಪ್ರಾಯಪಟ್ಟರು. ಕೇಶವಚಂದ್ರ ಸೇನರ ಪ್ರಯತ್ನದಿಂದ 1872ರಲ್ಲಿ ಮೂರನೆಯ ಕಾಯ್ದೆ ಬಂತು. ಅದರ ಪ್ರಕಾರ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮವನ್ನೂ ಅನುಸರಿಸುವವರಲ್ಲ ಎಂದು ಬರೆದುಕೊಡಬೇಕಿತ್ತು. ವಧುವಿಗೆ ಕನಿಷ್ಠ 14 ವರ್ಷ. ಆರೇ ವರ್ಷಗಳಲ್ಲಿ, 1878ರಲ್ಲಿ, ಸೇನರು ಹದಿನಾಲ್ಕು ತುಂಬದ ತಮ್ಮ ಮಗಳನ್ನು ಕೂಚ್‌ಬಿಹಾರದ ಮಹಾರಾಜನಿಗೆ ಕೊಟ್ಟರು. ಮದುವೆಯಲ್ಲಿ ಹಿಂದೂ ಶಾಸ್ತ್ರಗಳೂ ನುಸುಳಿದವು. ಬ್ರಾಹ್ಮಸಮಾಜ ಮತ್ತೊಮ್ಮೆ ಒಡೆಯಿತು.

ಪುಣೆಯಲ್ಲಿ ಜೋತಿರಾವ್ ಫುಲೆಯವರು ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿದರು. 1873ರ ಸೆಪ್ಟೆಂಬರಿನಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು, ಅದೇ ಡಿಸೆಂಬರಿನಲ್ಲಿ ಪುರೋಹಿತರಿಲ್ಲದ ಮೊದಲ ಮದುವೆ ನಡೆಯಿತು. ಅಡ್ಡಿ ಬಂದದ್ದು ಧರ್ಮಕ್ಕಿಂತ ಹೆಚ್ಚಾಗಿ ದಕ್ಷಿಣೆಯ ಕಡೆಯಿಂದ. ಮುಂಬಯಿ ಪ್ರಾಂತದಲ್ಲಿ ಗ್ರಾಮಜೋಶಿಯ ಹಕ್ಕು ವಂಶಪಾರಂಪರ್ಯ ವತನು. ಅವನನ್ನು ಕರೆಯದೆ ಬೇರೆಯವರಿಂದ ಮದುವೆ ಮಾಡಿಸಿದರೂ ಅವನ ಪಾಲು ಅವನಿಗೆ ಸಲ್ಲಬೇಕು ಎಂದು ನ್ಯಾಯಾಲಯಗಳೇ ಒಪ್ಪಿದ್ದವು. ಬಾರದ ಪುರೋಹಿತನಿಗೂ ದಕ್ಷಿಣೆ! ಈ ಹಕ್ಕು ರದ್ದಾದದ್ದು 1926ರಲ್ಲಿ, ಮುಂಬಯಿ ಶಾಸನಸಭೆ ಅದಕ್ಕೆಂದೇ ಒಂದು ಕಾಯ್ದೆ ಮಾಡಿದಾಗ. ಆಗ ಆ ಪ್ರಾಂತದಲ್ಲೇ ಇದ್ದ ಬೆಳಗಾವಿ, ಧಾರವಾಡ, ವಿಜಾಪುರಗಳಿಗೂ ಅದು ಅನ್ವಯಿಸಿತು.

ತಮಿಳುನಾಡಿನಲ್ಲಿ ಪೆರಿಯಾರರ ಸ್ವಾಭಿಮಾನ ಚಳವಳಿ 1920ರ ದಶಕದ ಕೊನೆಯಿಂದ ಸಾವಿರಾರು ಮದುವೆಗಳನ್ನು ಮಂತ್ರವಿಲ್ಲದೆ, ಮಾಲೆ ಬದಲಾಯಿಸಿ ನಡೆಸಿತು. 1950ರ ದಶಕದ ಮೊದಲಲ್ಲಿ ಮದರಾಸು ಹೈಕೋರ್ಟ್ ಇಂಥದೊಂದು ಮದುವೆಯನ್ನು ಅಸಿಂಧುವೆಂದಿತು. ಇಪ್ಪತ್ತು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದ ದಂಪತಿಗಳು ತಾವು ಗಂಡಹೆಂಡಿರು ಹೌದೋ ಅಲ್ಲವೋ ಎಂದು ಕೇಳಿಕೊಳ್ಳುವ ಸ್ಥಿತಿ ಬಂತು.

ಎರಡನೆಯ ಮದುವೆಯ ಸಾಕ್ಷಿ

1955ರ ಕಾಯ್ದೆಯ ದೊಡ್ಡ ಬದಲಾವಣೆ ಏಕಪತ್ನಿತ್ವ. ಮುಂಬಯಿ ಪ್ರಾಂತ 1946ರಲ್ಲಿ, ಮದರಾಸು 1949ರಲ್ಲಿ ಆಗಲೇ ಹೆಂಡತಿ ಇರುವಾಗ ಮತ್ತೊಂದು ಮದುವೆಯಾಗುವುದನ್ನು ನಿಷೇಧಿಸಿದ್ದವು. ಈಗ ಎಲ್ಲ ಹಿಂದೂಗಳಿಗೂ ಅದು ಅಪರಾಧವಾಯಿತು. ಪೀನಲ್ ಕೋಡಿನ 494ನೇ ಕಲಮಿನಲ್ಲಿ ಶಿಕ್ಷೆ ಏಳು ವರ್ಷದವರೆಗೆ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿದೆ. ಕಾಗದದ ಮೇಲೆ ಮೊದಲ ಹೆಂಡತಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇರಲಿಲ್ಲ.

ಅದು ಎಡವಿದ್ದು 1965ರಲ್ಲಿ. ಮಹಾರಾಷ್ಟ್ರದ ವ್ಯಕ್ತಿಯೊಬ್ಬ ಹೆಂಡತಿ ಇರುವಾಗಲೇ 1962ರ ಫೆಬ್ರುವರಿಯಲ್ಲಿ ಮತ್ತೊಬ್ಬಳನ್ನು ಮದುವೆಯಾದ. ಮಾಲೆ ಹಾಕಿಕೊಂಡದ್ದು, ಹಣೆಗೆ ಹಣೆ ತಾಗಿಸಿದ್ದು ಎಲ್ಲ ಸಾಕ್ಷ್ಯದಲ್ಲಿತ್ತು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟವು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ತರ್ಕ ಹೀಗಿತ್ತು: ಎರಡನೆಯ ಮದುವೆ ಅಪರಾಧವಾಗಬೇಕಾದರೆ ಮೊದಲು ಅದು ಶಾಸ್ತ್ರೋಕ್ತ ಮದುವೆಯಾಗಿರಬೇಕು, ಅಗ್ನಿಯ ಮುಂದಿನ ವಿಧಿ ಮತ್ತು ಸಪ್ತಪದಿ ಅದಕ್ಕೆ ಅಗತ್ಯ, ಅವು ನಡೆದಿಲ್ಲ, ತಮ್ಮ ಜಾತಿಯಲ್ಲಿ ಅವು ಬೇಕಿಲ್ಲ ಎಂಬ ರೂಢಿಯನ್ನೂ ಯಾರೂ ಸಾಬೀತು ಮಾಡಿಲ್ಲ, ಆದ್ದರಿಂದ ಮದುವೆಯೇ ಆಗಿಲ್ಲ, ಮದುವೆಯಾಗದಿದ್ದ ಮೇಲೆ ಅಪರಾಧವೆಲ್ಲಿ?

ಏಳು ವರ್ಷದ ಸೆರೆವಾಸ ವಿಧಿಸುವಾಗ ಗಟ್ಟಿ ಪುರಾವೆ ಕೇಳುವುದು ತಪ್ಪಲ್ಲ. ಊರ ಬಾಯಿಮಾತಿನ ಮೇಲೆ ಯಾರನ್ನೂ ಜೈಲಿಗೆ ಕಳಿಸಲಾಗದು. ಆದರೆ ಈ ಪುರಾವೆಯನ್ನು ತರಬೇಕಾದವಳು ಯಾರು? ಆ ಮದುವೆಗೆ ಕರೆಯೋಲೆ ಬಾರದವಳು. ಯಾವುದೋ ಗುಡಿಯಲ್ಲಿ, ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ ಬೆಳಗಿನ ಜಾವ ಮುಗಿದುಹೋದ ಕಾರ್ಯದಲ್ಲಿ ಹೆಜ್ಜೆ ಐದೋ ಏಳೋ ಎಂದು ಅವಳು ಹೇಗೆ ಹೇಳಬೇಕು? ಇದ್ದ ಸಾಕ್ಷಿಗಳು ಗಂಡನ ಕಡೆಯವರು. ಪುರೋಹಿತನೂ ಅವನೇ ಕರೆತಂದವನು. ಗಂಡನೇ 'ಹೌದು, ಮದುವೆಯಾಗಿದ್ದೇನೆ' ಎಂದು ಒಪ್ಪಿದರೂ ಸಾಲದು, ವಿಧಿಗಳು ನಡೆದದ್ದನ್ನು ಬೇರೆಯಾಗಿ ಸಾಬೀತು ಮಾಡಬೇಕು ಎಂದು ಅದೇ ನ್ಯಾಯಾಲಯ 1966ರಲ್ಲೂ 1971ರಲ್ಲೂ ಹೇಳಿತು. 1991ರಲ್ಲಿಯೂ ಸಪ್ತಪದಿಗೆ ಸಾಕ್ಷ್ಯವಿಲ್ಲವೆಂದು ಒಬ್ಬ ಆರೋಪಿ ಬಿಡುಗಡೆಯಾದ. ತಿಳಿದವರಿಗೆ ಇದರಲ್ಲಿ ದಾರಿಯೇ ಕಂಡಿತು: ಎರಡನೆಯ ಮದುವೆಯಲ್ಲಿ ತಾಳಿ ಕಟ್ಟು, ಊಟ ಹಾಕು, ಏಳು ಹೆಜ್ಜೆ ಮಾತ್ರ ಇಡಬೇಡ.

ಈ ಲೆಕ್ಕದಲ್ಲಿ ಎರಡನೆಯ ಹೆಣ್ಣಿಗೂ ಲಾಭವಿಲ್ಲ. ಏಳು ಹೆಜ್ಜೆ ಇಟ್ಟಿದ್ದರೆ ಮೊದಲ ಹೆಂಡತಿ ಇರುವುದರಿಂದ ಮದುವೆ ಶೂನ್ಯ; ಇಡದಿದ್ದರೆ ಮದುವೆಯೇ ಇಲ್ಲ. ಇಂಥವಳಿಗೆ ಹೆಂಡತಿಯೆಂಬ ನೆಲೆಯಲ್ಲಿ ಜೀವನಾಂಶ ಸಲ್ಲದೆಂದು 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಕ್ಕಳನ್ನಾದರೂ ಕಾಯ್ದೆಯ 16ನೇ ಕಲಮು ಔರಸರೆಂದು ಕಾಪಾಡಿದೆ. ಜೀವನಾಂಶದ ಮೊಕದ್ದಮೆಗಳಲ್ಲಿ ಇಷ್ಟೊಂದು ಕಟ್ಟುನಿಟ್ಟು ಬೇಡ, ಗಂಡಹೆಂಡಿರಂತೆ ಬಾಳಿದ್ದು ಕಂಡರೆ ಸಾಕು ಎಂಬ ಮೃದು ನಿಲುವು ಆಮೇಲೆ, 1999ರ ಒಂದು ತೀರ್ಪಿನಲ್ಲಿ ಬಂತು.

ತಿರುತ್ತಣಿಯ ತಾಳಿ

ತಮಿಳುನಾಡು ಈ ಗಂಟನ್ನು ಬೇರೆಯಾಗಿ ಬಿಚ್ಚಿತು. ಅಣ್ಣಾದೊರೈ ಮುಖ್ಯಮಂತ್ರಿಯಾದ ವರ್ಷವೇ, 1967ರಲ್ಲಿ, ಹಿಂದೂ ವಿವಾಹ ಕಾಯ್ದೆಗೆ 7–ಎ ಕಲಮನ್ನು ಸೇರಿಸಿದರು. ಬಂಧುಮಿತ್ರರ ಎದುರು ಇಬ್ಬರೂ ತಿಳಿಯುವ ಭಾಷೆಯಲ್ಲಿ ಪರಸ್ಪರ ಗಂಡಹೆಂಡತಿಯಾಗಿ ಒಪ್ಪಿದೆವೆಂದು ಹೇಳಿದರೆ ಸಾಕು. ಅಥವಾ ಮಾಲೆ, ಉಂಗುರ ಬದಲಾಯಿಸಿದರೆ, ಇಲ್ಲವೇ ತಾಳಿ ಕಟ್ಟಿದರೆ ಸಾಕು. ಹಿಂದೆ ಆದ ಇಂಥ ಮದುವೆಗಳೂ ಸಿಂಧುವಾದವು.

ಚಳವಳಿಯ ದಂಪತಿಗಳಿಗಾಗಿ ಮಾಡಿದ ಈ ಕಲಮು ಮೂವತ್ತು ವರ್ಷದ ಮೇಲೆ ಅವರಾರೂ ಎಣಿಸದ ಕಡೆ ಉಪಯೋಗಕ್ಕೆ ಬಂತು. 1984ರಲ್ಲಿ ತಿರುತ್ತಣಿಯ ದೇವಸ್ಥಾನದಲ್ಲಿ ಒಬ್ಬ ತಾಳಿ ಕಟ್ಟಿ ಎರಡನೆಯ ಮದುವೆಯಾಗಿದ್ದ. ಸಪ್ತಪದಿ ನಡೆದಿಲ್ಲ, ಆದ್ದರಿಂದ ತಾನು ನಿರಪರಾಧಿ ಎಂಬ ಹಳೆಯ ವಾದವನ್ನೇ ಹೂಡಿದ. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ತಮಿಳುನಾಡಿನಲ್ಲಿ ತಾಳಿ ಕಟ್ಟಿದ್ದೇ ಮದುವೆ, ಆದ್ದರಿಂದ ಅಪರಾಧವೂ ಆಗಿದೆ. ಇದೇ ಮನುಷ್ಯ ಗಡಿ ದಾಟಿ ಬೇರೆ ರಾಜ್ಯದ ಗುಡಿಯಲ್ಲಿ ತಾಳಿ ಕಟ್ಟಿದ್ದರೆ ಉತ್ತರ ಇಷ್ಟು ಸಲೀಸಾಗಿರುತ್ತಿರಲಿಲ್ಲ.

ಕರ್ನಾಟಕದಲ್ಲಿ ಅಂಥ ಕಲಮಿಲ್ಲ. ಇಲ್ಲಿ ಕುವೆಂಪು ಅವರ 'ಮಂತ್ರ ಮಾಂಗಲ್ಯ' ಬಂತು. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಆಡಂಬರವಿಲ್ಲದೆ, ಕೆಲವೇ ಜನರ ಮುಂದೆ ಅರ್ಥ ತಿಳಿಯುವ ಕನ್ನಡದಲ್ಲಿ ಪ್ರತಿಜ್ಞೆ ಓದಿ ಮದುವೆಯಾಗುವ ಕ್ರಮ ಅದು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹೀಗೆಯೇ ನಡೆಯಿತು. ಆಮೇಲೆ ನಾಡಿನಾದ್ಯಂತ ಎಷ್ಟೋ ಜೋಡಿಗಳು ಆ ದಾರಿ ಹಿಡಿದವು. ತಮಿಳುನಾಡಿನಲ್ಲಿ ಇಂಥ ಮದುವೆಗೆ ಶಾಸನದ ಬೆಂಬಲ ದೊರೆಯಿತು, ಇಲ್ಲಿ ಕವಿಯ ಬೆಂಬಲವಷ್ಟೇ. ಕಾನೂನಿನ ಕಣ್ಣಿಗೆ ಬೀಳಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳುವುದೇ ಭದ್ರ.

ನೋಂದಣಿಯೇ ಎಲ್ಲಕ್ಕೂ ಉತ್ತರ ಎಂದು ಬಹಳ ಮಂದಿ ತಿಳಿದಿದ್ದಾರೆ. ಮದುವೆಗಳನ್ನು ನೋಂದಾಯಿಸಲು ಕರ್ನಾಟಕದಲ್ಲಿ 1976ರ ಕಾಯ್ದೆಯೇ ಇದೆ. ಎಲ್ಲ ರಾಜ್ಯಗಳೂ ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೆ 2024ರ ಏಪ್ರಿಲ್‌ನಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ ಮುಂದೆ ಬಂದ ಪ್ರಕರಣ ಆ ಭ್ರಮೆಯನ್ನು ಕಳೆಯಿತು. ಇಬ್ಬರು ಪೈಲಟ್‌ಗಳು ಯಾವ ಶಾಸ್ತ್ರವನ್ನೂ ನಡೆಸದೆ ಒಂದು ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ನೋಂದಣಿ ಮಾಡಿಸಿಕೊಂಡಿದ್ದರು. ಹಿಂದೂ ವಿವಾಹ ಕಾಯ್ದೆಯಡಿ ಇದು ಮದುವೆಯೇ ಅಲ್ಲ, ನಡೆದ ಮದುವೆಗೆ ನೋಂದಣಿ ಪುರಾವೆಯಾದೀತೇ ಹೊರತು ನಡೆಯದ ಮದುವೆಯನ್ನು ಅದು ಹುಟ್ಟಿಸಲಾರದು ಎಂದು ಪೀಠ ಹೇಳಿತು. ಅದರ ಹಿಂದಿನ ತಿಂಗಳಷ್ಟೇ ಅಲಹಾಬಾದ್ ಹೈಕೋರ್ಟ್‌ನ ಲಖನೌ ಪೀಠ, ಹಿಂದೂ ಮದುವೆಗೆ ಕನ್ಯಾದಾನ ಅಗತ್ಯವಲ್ಲ, ಸಪ್ತಪದಿಯೇ ಅಗತ್ಯ ಎಂದಿತ್ತು. ಧಾರೆಯೆರೆಯುವುದೇ ಮದುವೆಯೆಂದು ನಂಬಿ ತಲೆಮಾರುಗಳಿಂದ ಮಗಳನ್ನು ಕೊಟ್ಟ ಕನ್ನಡದ ಮನೆಗಳಲ್ಲಿ ಈ ಮಾತು ಕೇಳಿ ಹುಬ್ಬೇರಿಸಿದವರು ಇದ್ದಿರಬೇಕು.

ಉಪನೋಂದಣಾಧಿಕಾರಿಯ ಕಚೇರಿಗೆ ಅರ್ಜಿಯ ಜೊತೆ ಲಗ್ನಪತ್ರಿಕೆ ಮತ್ತು ಮದುವೆಯ ಒಂದು ಚಿತ್ರ ಒಯ್ಯುವುದು ರೂಢಿ. ಜನ ಆಲ್ಬಮ್ಮಿನಿಂದ ಕಿತ್ತು ಒಯ್ಯುವುದು ಹೆಚ್ಚಾಗಿ ಮಾಲೆ ಹಾಕಿಕೊಂಡು ನಿಂತದ್ದನ್ನೋ ತಾಳಿ ಕಟ್ಟುವ ಗಳಿಗೆಯದನ್ನೋ. ಸಪ್ತಪದಿಯ ಚಿತ್ರ ಕೆಲವು ಆಲ್ಬಮ್ಮುಗಳಲ್ಲಿ ಇರುವುದೇ ಇಲ್ಲ. ಫೋಟೋದವನೂ ಆ ಹೊತ್ತಿಗೆ ಊಟಕ್ಕೆ ಹೋಗಿರುತ್ತಾನೆ.